ಮುಚ್ಚಿಟ್ಟ ಒಪ್ಪಂದ, ಒಡೆದ ದೇಶ: ಜೇ ಒಪ್ಪಂದದ (1794–96) ಪ್ರಕರಣ ಅಧ್ಯಯನ

1795ರ ಮಾರ್ಚ್ 7ರಂದು, ಆಗ ಅಮೆರಿಕದ ರಾಜಧಾನಿಯಾಗಿದ್ದ ಫಿಲಡೆಲ್ಫಿಯಾದಲ್ಲಿ, ಬ್ರಿಟನ್ ಜೊತೆ ಜಾನ್ ಜೇ ಮಾಡಿಕೊಂಡ ಒಂದು ಒಪ್ಪಂದದ ಪ್ರತಿ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಕೈ ಸೇರಿತು. ಅದಕ್ಕೆ ಲಂಡನ್ನಿನಲ್ಲಿ ಸಹಿ ಬಿದ್ದು ಮೂರೂವರೆ ತಿಂಗಳಾಗಿತ್ತು. ಕಾಂಗ್ರೆಸ್ ಅಧಿವೇಶನ ನಾಲ್ಕು ದಿನ ಮೊದಲಷ್ಟೇ ಮುಗಿದು, ಸದಸ್ಯರು ತಮ್ಮ ತಮ್ಮ ಊರಿನ ದಾರಿ ಹಿಡಿದಿದ್ದರು. ಓದಿ ನೋಡಿದ ವಾಷಿಂಗ್ಟನ್, ಸೆನೆಟ್ಟಿನ ವಿಶೇಷ ಅಧಿವೇಶನವನ್ನು ಜೂನ್ 8ಕ್ಕೆ ಕರೆದ. ಅಲ್ಲಿಯವರೆಗೆ ಇದರೊಳಗೆ ಏನಿದೆ ಎಂಬುದು ತನಗೂ ವಿದೇಶಾಂಗ ಕಾರ್ಯದರ್ಶಿ ಎಡ್ಮಂಡ್ ರಾಂಡಾಲ್ಫ್‌ಗೂ ಬಿಟ್ಟು ಮೂರನೆಯವರಿಗೆ ಗೊತ್ತಾಗಬಾರದು ಎಂದು ತೀರ್ಮಾನಿಸಿದ. ಸಂಪುಟದ ಉಳಿದವರಿಗೂ ತೋರಿಸಲಿಲ್ಲ.

ಮುಂದಿನ ಹದಿನಾಲ್ಕು ತಿಂಗಳಲ್ಲಿ ಆದದ್ದನ್ನು ಇಲ್ಲಿ ಒಂದು ಪ್ರಕರಣವಾಗಿ ಬಿಡಿಸಿ ನೋಡುತ್ತಿದ್ದೇನೆ. ಅಧಿಕಾರದಲ್ಲಿದ್ದು ತೀರ್ಮಾನ ತೆಗೆದುಕೊಂಡವರ ಹೆಸರುಗಳು ಇತಿಹಾಸದ ಪುಸ್ತಕಗಳಲ್ಲೆಲ್ಲ ಇರುವುದರಿಂದ ಮರೆಮಾಚಿ ಪ್ರಯೋಜನವಿಲ್ಲ. ಗುಟ್ಟು ಹೊರಹಾಕಿದ ಸೆನೆಟರ್, ಚೂರಿ ಎತ್ತಿದ ನೆಂಟ, ಹಡಗು ಕಳೆದುಕೊಂಡ ವರ್ತಕರು, ಇವರ ಹೆಸರು ಬಿಟ್ಟಿದ್ದೇನೆ. ಪ್ರಕರಣ ಅರ್ಥವಾಗಲು ಅವರ ಸ್ಥಾನ ಗೊತ್ತಿದ್ದರೆ ಸಾಕು. ಬ್ರಿಟನ್ ಕಡೆ ವಾಲಬೇಕೋ ಫ್ರಾನ್ಸ್ ಕಡೆ ವಾಲಬೇಕೋ ಎಂಬ ಜಗಳ ಅಲ್ಲಿ ಮೊದಲಿನಿಂದಲೂ ಇತ್ತು. ಆ ಜಗಳ ಗಟ್ಟಿಯಾದ ಎರಡು ಪಕ್ಷಗಳಾದದ್ದು ಮಾತ್ರ ‘ಯಾರು ತೀರ್ಮಾನಿಸಬೇಕು, ಯಾರಿಗೆ ಯಾವಾಗ ಹೇಳಬೇಕು’ ಎಂಬುದನ್ನು ನಿಭಾಯಿಸಿದ ರೀತಿಯಿಂದ ಎಂಬುದು ನನ್ನ ಓದು.

ಹಿನ್ನೆಲೆ

1783ರ ಪ್ಯಾರಿಸ್ ಒಪ್ಪಂದ ಸ್ವಾತಂತ್ರ್ಯ ಯುದ್ಧವನ್ನು ಮುಗಿಸಿತೇ ಹೊರತು ಬಾಕಿ ಲೆಕ್ಕ ಚುಕ್ತಾ ಮಾಡಲಿಲ್ಲ. ಡೆಟ್ರಾಯಿಟ್, ನಯಾಗರಾ, ಆಸ್ವೀಗೊ ಮುಂತಾದ ಗಡಿಕೋಟೆಗಳನ್ನು ಬಿಟ್ಟುಕೊಡುತ್ತೇವೆಂದ ಬ್ರಿಟಿಷರು ಹತ್ತು ವರ್ಷವಾದರೂ ಅಲ್ಲೇ ಠಿಕಾಣಿ ಹೂಡಿದ್ದರು. ಯುದ್ಧ ಮುಗಿದು ಹೊರಡುವಾಗ ಸಾವಿರಾರು ಗುಲಾಮರನ್ನು ಜೊತೆಗೆ ಕರೆದೊಯ್ದಿದ್ದರು. ದಕ್ಷಿಣದ ತೋಟದೊಡೆಯರು ಅದಕ್ಕೆ ಪರಿಹಾರ ಕೇಳುತ್ತಿದ್ದರು. ಹಾಗೆಂದು ಅಮೆರಿಕನ್ನರೇನೂ ಸಾಚಾ ಅಲ್ಲ. ಯುದ್ಧಕ್ಕೂ ಮೊದಲು ಬ್ರಿಟಿಷ್ ವ್ಯಾಪಾರಿಗಳಿಂದ ಎತ್ತಿದ ಸಾಲ ತೀರಿಸಲು ಅಡ್ಡಿ ಮಾಡುವುದಿಲ್ಲ ಎಂದು ಅದೇ ಒಪ್ಪಂದದಲ್ಲಿ ಬರೆದುಕೊಟ್ಟು, ರಾಜ್ಯಗಳು ಒಂದೊಂದು ಕಾನೂನು ತಂದು ಅಡ್ಡಿ ಮಾಡಿದವು. ವರ್ಜೀನಿಯಾದ ಹೊಗೆಸೊಪ್ಪಿನ ತೋಟದವರೇ ದೊಡ್ಡ ಸಾಲಗಾರರು. ಈ ಸಂಗತಿ ನೆನಪಿರಲಿ, ಮುಂದೆ ಯಾವ ಪ್ರಾಂತ್ಯ ಯಾವ ಕಡೆ ನಿಂತಿತು ಎಂಬುದಕ್ಕೆ ಇದೂ ಒಂದು ಕಾರಣ.

1789ರಲ್ಲಿ ಹೊಸ ಸಂವಿಧಾನದ ಸರ್ಕಾರ ಬಂದಾಗ ಒಂದೇ ಸಂಪುಟದಲ್ಲಿ ಎತ್ತು ಏರಿಗೆ, ಕೋಣ ನೀರಿಗೆ. ಖಜಾನೆ ನೋಡಿಕೊಳ್ಳುತ್ತಿದ್ದ ಅಲೆಕ್ಸಾಂಡರ್ ಹ್ಯಾಮಿಲ್ಟನ್‌ನ ಹಣಕಾಸಿನ ಕಟ್ಟಡವೆಲ್ಲ ಆಮದು ಸುಂಕದ ಮೇಲೆ ನಿಂತಿತ್ತು. ಆಮದಿನ ಬಹುಪಾಲು ಬ್ರಿಟನ್ನಿನದು. ಬ್ರಿಟನ್ ಜೊತೆ ಕಾದಾಡಿದರೆ ಖಜಾನೆ ಬರಿದು, ಖಜಾನೆ ಬರಿದಾದರೆ ರಾಷ್ಟ್ರೀಯ ಸಾಲಕ್ಕೆ ಬಡ್ಡಿ ಕಟ್ಟಲಾಗದು, ಬಡ್ಡಿ ನಿಂತರೆ ಒಕ್ಕೂಟದ ಮಾನ ಹೋಗುತ್ತದೆ ಎಂಬುದು ಅವನ ವಾದ. ವಿದೇಶಾಂಗ ಕಾರ್ಯದರ್ಶಿ ಥಾಮಸ್ ಜೆಫರ್ಸನ್, ಪ್ರತಿನಿಧಿ ಸಭೆಯಲ್ಲಿದ್ದ ಅವನ ಗೆಳೆಯ ಜೇಮ್ಸ್ ಮ್ಯಾಡಿಸನ್ ಇದನ್ನೇ ಮಗ್ಗುಲು ತಿರುಗಿಸಿ ನೋಡುತ್ತಿದ್ದರು. ನಮ್ಮ ಹಿಟ್ಟು, ಮರ, ಹೊಗೆಸೊಪ್ಪು ಇಲ್ಲದಿದ್ದರೆ ಬ್ರಿಟನ್ನಿಗೇ ಕಷ್ಟ. ವ್ಯಾಪಾರವನ್ನೇ ಆಯುಧ ಮಾಡಿಕೊಂಡರೆ ಅವರೇ ದಾರಿಗೆ ಬರುತ್ತಾರೆ ಎಂದು.

ಇನ್ನೊಂದು ಕಡೆ ಫ್ರಾನ್ಸ್. 1778ರಲ್ಲಿ ಕಷ್ಟಕಾಲಕ್ಕೆ ಕೈಹಿಡಿದ ದೇಶ. ಆಗ ಮಾಡಿಕೊಂಡ ಮೈತ್ರಿಯ 11ನೇ ವಿಧಿಯಲ್ಲಿ, ಅಮೆರಿಕ ಖಂಡದಲ್ಲಿರುವ ಫ್ರೆಂಚ್ ನೆಲೆಗಳನ್ನು ಕಾಯುವ ಭರವಸೆಯನ್ನು ಅಮೆರಿಕ ಕೊಟ್ಟಿತ್ತು, ಅದೂ ಶಾಶ್ವತವಾಗಿ. 1793ರ ಜನವರಿಯಲ್ಲಿ ಪ್ಯಾರಿಸ್ಸಿನಲ್ಲಿ 16ನೇ ಲೂಯಿಯ ತಲೆ ಉರುಳಿತು, ಫೆಬ್ರವರಿ 1ರಂದು ಫ್ರಾನ್ಸ್ ಬ್ರಿಟನ್ ಮೇಲೆ ಯುದ್ಧ ಸಾರಿತು. ಭರವಸೆ ಕೊಟ್ಟದ್ದು ರಾಜನಿಗೋ ದೇಶಕ್ಕೋ ಎಂಬ ಪ್ರಶ್ನೆ ಸಂಪುಟದ ಮೇಜಿಗೆ ಬಂತು.

ಏಪ್ರಿಲ್ 22ರಂದು ವಾಷಿಂಗ್ಟನ್ ತಟಸ್ಥ ನೀತಿಯ ಘೋಷಣೆ ಹೊರಡಿಸಿದ. ಯುದ್ಧಕ್ಕೆ ಇಳಿಯಬಾರದು ಎಂಬುದರಲ್ಲಿ ಹ್ಯಾಮಿಲ್ಟನ್‌ಗೂ ಜೆಫರ್ಸನ್‌ಗೂ ಭಿನ್ನಾಭಿಪ್ರಾಯವೇ ಇರಲಿಲ್ಲ. ತಕರಾರು ಬಂದದ್ದು ಯುದ್ಧ ಸಾರುವ ಅಧಿಕಾರ ಕಾಂಗ್ರೆಸ್ಸಿನದಾದರೆ ಯುದ್ಧ ಬೇಡವೆಂದು ಸಾರುವ ಅಧಿಕಾರ ಅಧ್ಯಕ್ಷನಿಗೆ ಎಲ್ಲಿಂದ ಬಂತು ಎಂಬಲ್ಲಿ. ಹ್ಯಾಮಿಲ್ಟನ್ ‘ಪೆಸಿಫಿಕಸ್’ ಎಂಬ ಹೆಸರಿನಲ್ಲಿ ಪತ್ರಿಕೆಗೆ ಬರೆದ. ಜೆಫರ್ಸನ್ ಒತ್ತಾಯಕ್ಕೆ ಮ್ಯಾಡಿಸನ್ ‘ಹೆಲ್ವಿಡಿಯಸ್’ ಆಗಿ ಉತ್ತರ ಕೊಟ್ಟ. ಐದಾರು ವರ್ಷದ ಹಿಂದೆ ಇದೇ ಸಂವಿಧಾನವನ್ನು ಸಮರ್ಥಿಸಿ ಜೊತೆಯಾಗಿ ಬರೆದಿದ್ದ ಇಬ್ಬರು ಈಗ ಅದೇ ಸಂವಿಧಾನದ ಸಾಲುಗಳನ್ನು ಪರಸ್ಪರರ ಮೇಲೆ ಎಸೆಯುತ್ತಿದ್ದರು. ಮುಂದಿನ ಬಿರುಕೆಲ್ಲ ಈ ಜಾಡಿನಲ್ಲೇ ಬಿಟ್ಟಿತು.

ಫ್ರೆಂಚ್ ರಾಯಭಾರಿ ಜೆನೆಯ ಅಧ್ವಾನವನ್ನು ಉದ್ದ ಎಳೆಯುವುದಿಲ್ಲ. ಬಂದಿಳಿದ ಚಾರ್ಲ್ಸ್‌ಟನ್ನಿನಲ್ಲೇ ಬ್ರಿಟಿಷ್ ಹಡಗು ಹಿಡಿಯಲು ಖಾಸಗಿ ದಳ ಕಟ್ಟಿದ, ಅಧ್ಯಕ್ಷ ಒಪ್ಪದಿದ್ದರೆ ಜನರ ಮುಂದೆಯೇ ಹೋಗುತ್ತೇನೆಂದ. ಕೊನೆಗೆ ಜೆಫರ್ಸನ್ನನೇ ಅವನನ್ನು ವಾಪಸು ಕರೆಸಿಕೊಳ್ಳಿ ಎಂದು ಬರೆಯಬೇಕಾಯಿತು. ಆ ವರ್ಷದ ಕೊನೆಗೆ ಜೆಫರ್ಸನ್ ಕೂಡ ಹುದ್ದೆ ಬಿಟ್ಟ.

ಸಮಸ್ಯೆ

1793ರ ನವೆಂಬರಿನಲ್ಲಿ ಬ್ರಿಟನ್ ಒಂದು ಆಜ್ಞೆ ಹೊರಡಿಸಿತು: ಫ್ರೆಂಚ್ ವೆಸ್ಟ್ ಇಂಡೀಸ್ ದ್ವೀಪಗಳ ಜೊತೆ ವ್ಯಾಪಾರ ಮಾಡುವ ಯಾವ ತಟಸ್ಥ ಹಡಗಾದರೂ ಹಿಡಿಯಿರಿ. ಆಜ್ಞೆಯನ್ನು ಕೆಲವು ವಾರ ಬಹಿರಂಗಪಡಿಸದೆ ಇಟ್ಟುಕೊಂಡದ್ದರಿಂದ ಅಮೆರಿಕದ ಹಡಗುಗಳು ಏನೂ ತಿಳಿಯದೆ ಬಲೆಗೆ ಬಿದ್ದವು. ಮುಂದಿನ ವಸಂತದ ಹೊತ್ತಿಗೆ 250ರಷ್ಟು ಹಡಗು ಹಿಡಿದ ಸುದ್ದಿ ಬಂತು. ಸರಕು ಜಪ್ತಿ, ನಾವಿಕರನ್ನು ಎಳೆದು ಬ್ರಿಟಿಷ್ ನೌಕಾಪಡೆಗೆ ಸೇರಿಸುವುದು ಬೇರೆ. ಅದೇ ಸಮಯಕ್ಕೆ ಕೆನಡಾದ ಬ್ರಿಟಿಷ್ ಗವರ್ನರ್ ಲಾರ್ಡ್ ಡಾರ್ಚೆಸ್ಟರ್ ಗಡಿಯ ಮೂಲನಿವಾಸಿ ಬುಡಕಟ್ಟುಗಳ ಮುಂದೆ, ಅಮೆರಿಕದೊಡನೆ ಯುದ್ಧ ಹತ್ತಿರದಲ್ಲೇ ಇದೆ ಎನ್ನುವಂತೆ ಮಾತಾಡಿದ.

ಕಾಂಗ್ರೆಸ್ಸಿನಲ್ಲಿ ಮ್ಯಾಡಿಸನ್ ಬ್ರಿಟಿಷ್ ಸರಕಿಗೆ ಹೆಚ್ಚು ಸುಂಕ ಹೇರುವ ನಿರ್ಣಯ ಮುಂದಿಟ್ಟಿದ್ದ. 1794ರ ಮಾರ್ಚ್ 26ರಂದು ಎಲ್ಲ ವಿದೇಶಿ ಬಂದರುಗಳಿಗೂ ಒಂದು ತಿಂಗಳು ಹಡಗು ಸಂಚಾರ ನಿಲ್ಲಿಸಲಾಯಿತು, ಮತ್ತೆ ಒಂದು ತಿಂಗಳು ಮುಂದುವರಿಸಲಾಯಿತು. ಬ್ರಿಟಿಷರಿಗೆ ಕೊಡಬೇಕಾದ ಸಾಲವನ್ನೇ ಮುಟ್ಟುಗೋಲು ಹಾಕೋಣ ಎಂಬ ಮಾತೂ ಎದ್ದಿತು. ಯುದ್ಧ ಮಾಡಲು ಸೈನ್ಯವಿಲ್ಲ, ನೌಕಾಪಡೆಯಂತೂ ಕಾಗದದ ಮೇಲೆ. ಸುಮ್ಮನಿರಲು ಮರ್ಯಾದೆ ಬಿಡದು.

ಪ್ರಯತ್ನ

ಏಪ್ರಿಲ್ 16ರಂದು ವಾಷಿಂಗ್ಟನ್ ಲಂಡನ್ನಿಗೆ ವಿಶೇಷ ದೂತನಾಗಿ ಮುಖ್ಯ ನ್ಯಾಯಮೂರ್ತಿ ಜಾನ್ ಜೇ ಹೆಸರು ಕಳಿಸಿದ. ಸೆನೆಟ್ 18–8ರಲ್ಲಿ ಒಪ್ಪಿತು. ಈ ಆಯ್ಕೆಯೇ ಮೊದಲ ತಿರುವು. ಜೇ ಅನುಭವಿ, 1783ರ ಒಪ್ಪಂದದ ಮಾತುಕತೆಯಲ್ಲಿ ಕೂತವನು, ಬ್ರಿಟನ್ ಬಾಗಿಲು ತೆರೆಯುವಂಥ ಮನುಷ್ಯ. ಆದರೆ ನಾಳೆ ಇದೇ ಒಪ್ಪಂದದ ಅರ್ಥ ಹೇಳಬೇಕಾದ ನ್ಯಾಯಪೀಠದಲ್ಲಿ ಕೂತವನನ್ನೇ ಅದನ್ನು ಬರೆಯಲು ಕಳಿಸುವುದು ಹೇಗೆ ಎಂದು ವಿರೋಧಿಗಳು ಕೇಳಿದರು. ದಕ್ಷಿಣದವರು ಮತ್ತು ಪಶ್ಚಿಮದ ವಲಸಿಗರು ಇನ್ನೊಂದನ್ನು ಮರೆತಿರಲಿಲ್ಲ: 1786ರಲ್ಲಿ ವ್ಯಾಪಾರದ ಅನುಕೂಲಕ್ಕಾಗಿ ಮಿಸಿಸಿಪ್ಪಿ ನದಿಯ ಸಂಚಾರದ ಹಕ್ಕನ್ನು ಹಲವು ವರ್ಷ ಸ್ಪೇನಿಗೆ ಬಿಟ್ಟುಕೊಡಲು ತಯಾರಿದ್ದವನು ಇದೇ ಜೇ. ನಂಬಿಕೆ ಎಲ್ಲಿ ಮೊದಲೇ ಮುಕ್ಕಾಗಿತ್ತೋ ಅಲ್ಲಿಗೇ ಆ ಹೆಸರು ಹೋಗಿ ಬಡಿಯಿತು.

ಜೇಗೆ ಕೊಟ್ಟ ಸೂಚನೆಗಳು ಹೆಸರಿಗೆ ರಾಂಡಾಲ್ಫ್‌ನದು, ತಿರುಳು ಬಹುಮಟ್ಟಿಗೆ ಹ್ಯಾಮಿಲ್ಟನ್‌ನದು. ಸ್ವೀಡನ್, ಡೆನ್ಮಾರ್ಕ್ ಜೊತೆ ಸೇರಿ ತಟಸ್ಥ ದೇಶಗಳ ಕೂಟಕ್ಕೆ ಹೋಗುವ ಬೆದರಿಕೆಯೊಂದು ಜೇ ಕೈಯಲ್ಲಿತ್ತು. ಆದರೆ ಅಮೆರಿಕ ಆ ಕೂಟಕ್ಕೆ ಸೇರುವುದಿಲ್ಲ ಎಂದು ಹ್ಯಾಮಿಲ್ಟನ್ ಫಿಲಡೆಲ್ಫಿಯಾದ ಬ್ರಿಟಿಷ್ ರಾಯಭಾರಿ ಜಾರ್ಜ್ ಹ್ಯಾಮಂಡ್‌ಗೆ ಮೊದಲೇ ಹೇಳಿಬಿಟ್ಟಿದ್ದ. ತಮ್ಮವನೇ ತಮ್ಮ ಎಲೆ ತೋರಿಸಿದ ಮೇಲೆ ಇಸ್ಪೀಟಾಟದಲ್ಲಿ ಉಳಿಯುವುದೇನು? ಇದರಿಂದ ಫಲಿತಾಂಶ ಎಷ್ಟು ಬದಲಾಯಿತು ಎಂಬುದರ ಬಗ್ಗೆ ಇತಿಹಾಸಕಾರರು ಇನ್ನೂ ಜಗಳವಾಡುತ್ತಾರೆ. ಬ್ರಿಟನ್ ಆ ಬೆದರಿಕೆಗೆ ಅಷ್ಟೇನೂ ಹೆದರುತ್ತಿರಲಿಲ್ಲ ಅನ್ನುವವರೂ ಇದ್ದಾರೆ.

1794ರ ನವೆಂಬರ್ 19ರಂದು ಜೇ ಮತ್ತು ಬ್ರಿಟಿಷ್ ವಿದೇಶಾಂಗ ಕಾರ್ಯದರ್ಶಿ ಲಾರ್ಡ್ ಗ್ರೆನ್‌ವಿಲ್ ಸಹಿ ಹಾಕಿದರು. 28 ವಿಧಿಗಳು. ಬಂದದ್ದು: 1796ರ ಜೂನ್ 1ರೊಳಗೆ ಗಡಿಕೋಟೆಗಳ ತೆರವು; ಹಳೆಯ ಸಾಲ, ಜಪ್ತಿಯಾದ ಹಡಗು, ಈಶಾನ್ಯದ ಸೇಂಟ್ ಕ್ರೊಯಿ ನದಿ ಗಡಿ, ಈ ಮೂರಕ್ಕೂ ಎರಡೂ ದೇಶದವರು ಕೂತು ತೀರ್ಮಾನಿಸುವ ಆಯೋಗಗಳು. ಬಾರದ್ದು: ನಾವಿಕರನ್ನು ಎಳೆದೊಯ್ಯುವುದರ ಬಗ್ಗೆ ಒಂದು ಸಾಲೂ ಇಲ್ಲ, ಗುಲಾಮರ ಪರಿಹಾರ ಇಲ್ಲ, ತಟಸ್ಥ ಹಡಗಿನಲ್ಲಿರುವ ಸರಕು ಸುರಕ್ಷಿತ ಎಂಬ ತತ್ವಕ್ಕೆ ಮಾನ್ಯತೆ ಇಲ್ಲ. ಅದರ ಮೇಲೆ ಬ್ರಿಟಿಷ್ ಸರಕಿನ ವಿರುದ್ಧ ತಾರತಮ್ಯದ ಸುಂಕ ಹಾಕುವುದಿಲ್ಲ, ಸಾಲ ಮುಟ್ಟುಗೋಲು ಹಾಕುವುದಿಲ್ಲ ಎಂಬ ಮುಚ್ಚಳಿಕೆ. ಅಂದರೆ ಮ್ಯಾಡಿಸನ್ ನೆಚ್ಚಿದ್ದ ಆಯುಧವನ್ನು ಜೇ ಲಂಡನ್ನಿನಲ್ಲೇ ಬಿಟ್ಟು ಬಂದಿದ್ದ.

ಎಲ್ಲಕ್ಕಿಂತ ಉರಿಸಿದ್ದು 12ನೇ ವಿಧಿ. ವೆಸ್ಟ್ ಇಂಡೀಸ್ ವ್ಯಾಪಾರ ತೆರೆಯಿತು, ಆದರೆ 70 ಟನ್ ಮೀರದ ಹಡಗುಗಳಿಗೆ ಮಾತ್ರ. ಬದಲಿಗೆ ಕಾಕಂಬಿ, ಸಕ್ಕರೆ, ಕಾಫಿ, ಕೋಕೊ, ಹತ್ತಿಯನ್ನು ಅಮೆರಿಕದ ಹಡಗುಗಳು ಬೇರೆ ದೇಶಗಳಿಗೆ ಸಾಗಿಸಬಾರದು. ದಕ್ಷಿಣದ ರಾಜ್ಯಗಳಲ್ಲಿ ಹತ್ತಿ ಆಗತಾನೆ ಮೇಲೇಳುತ್ತಿದ್ದ ಬೆಳೆ. ಬೀಜ ಬಿಡಿಸುವ ಯಂತ್ರಕ್ಕೆ ಅದೇ 1794ರಲ್ಲಿ ಪೇಟೆಂಟ್ ಸಿಕ್ಕಿತ್ತು. ಅದನ್ನು ತಮ್ಮದೇ ಹಡಗಿನಲ್ಲಿ ಹೊರಗೆ ಕಳಿಸಬಾರದು ಎಂಬ ಷರತ್ತಿಗೆ ತಮ್ಮ ದೂತನೇ ಸಹಿ ಹಾಕಿ ಬಂದದ್ದು.

ಅದರ ಮುಂದಿನ 13ನೇ ವಿಧಿ ನಮಗೆ ಹತ್ತಿರದ್ದು. ಬ್ರಿಟಿಷರ ಕೈಲಿದ್ದ ಭಾರತದ ಬಂದರುಗಳಿಗೆ ಅಮೆರಿಕದ ಹಡಗುಗಳು ಬರಬಹುದು, ಇಲ್ಲಿಂದ ಒಯ್ದ ಸರಕನ್ನು ನೇರ ಅಮೆರಿಕಕ್ಕೇ ಕೊಂಡೊಯ್ಯಬೇಕು ಎಂದು ಅದು ಹೇಳಿತು. ಯಾರ್ಕ್‌ಟೌನಿನಲ್ಲಿ 1781ರಲ್ಲಿ ಸೋತ ಕಾರ್ನ್‌ವಾಲಿಸ್ 1792ರಲ್ಲಿ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪುವಿನಿಂದ ಅರ್ಧ ರಾಜ್ಯ ಬರೆಸಿಕೊಂಡು ಇನ್ನೂ ಹೆಚ್ಚು ಕಾಲವಾಗಿರಲಿಲ್ಲ. 1782ರಲ್ಲಿ ಡೆಲವೇರ್ ಕೊಲ್ಲಿಯಲ್ಲಿ ಬ್ರಿಟಿಷ್ ಹಡಗೊಂದನ್ನು ಸೆರೆಹಿಡಿದ ಪೆನ್ಸಿಲ್ವೇನಿಯಾದ ಯುದ್ಧನೌಕೆಯ ಹೆಸರೇ ‘ಹೈದರ್ ಅಲಿ’. ಮೈಸೂರೂ ಫ್ರಾನ್ಸನ್ನು ನೆಚ್ಚಿತ್ತು. 1788ರಲ್ಲಿ ಟಿಪ್ಪುವಿನ ದೂತರು ಕಂಡದ್ದು ಅಮೆರಿಕಕ್ಕೆ ಕೈಕೊಟ್ಟು ಎತ್ತಿದ ಅದೇ 16ನೇ ಲೂಯಿಯನ್ನು. ಫ್ರಾನ್ಸನ್ನು ನೆಚ್ಚಿದವರ ಹಣೆಬರಹ ಎಲ್ಲ ಕಡೆ ಒಂದೇ ಆಗಲಿಲ್ಲ.

ಗುಟ್ಟು ರಟ್ಟಾದದ್ದು

ಮಾರ್ಚಿನಿಂದ ಜೂನ್‌ವರೆಗೆ ಸರ್ಕಾರ ಬಾಯಿ ಬಿಡಲಿಲ್ಲ. ಈ ಮೌನದಿಂದ ಲಾಭ ಆಗಿಲ್ಲ ಎನ್ನುವಂತಿಲ್ಲ. ಆ ವಸಂತದಲ್ಲಿ ಜೇ ಇನ್ನೂ ಊರಿಗೆ ಬಾರದಿದ್ದಾಗಲೇ ನ್ಯೂಯಾರ್ಕಿನ ಗವರ್ನರ್ ಚುನಾವಣೆಯಲ್ಲಿ ಗೆದ್ದ; ಒಪ್ಪಂದದ ಸಾಲುಗಳು ಮೊದಲೇ ಅಚ್ಚಾಗಿದ್ದರೆ ಗೆಲ್ಲುತ್ತಿದ್ದನೇ ಎಂಬುದು ಅನುಮಾನ. ಜೂನ್ 24ರಂದು ಸೆನೆಟ್ 20–10ರಲ್ಲಿ ಒಪ್ಪಿತು. ಬೇಕಿದ್ದದ್ದು ಮೂರನೇ ಎರಡು ಪಾಲು. ಬಂದದ್ದು ಸರಿಯಾಗಿ ಅಷ್ಟೇ, ಒಂದು ಮತವೂ ಹೆಚ್ಚಿಲ್ಲ. ಅದೂ 12ನೇ ವಿಧಿಯ ವ್ಯಾಪಾರದ ಷರತ್ತನ್ನು ತಡೆಹಿಡಿಯಬೇಕು ಎಂಬ ಕರಾರಿನ ಮೇಲೆ. ಸೆನೆಟ್ಟೂ ಪಠ್ಯವನ್ನು ಹೊರಬಿಡಕೂಡದೆಂದು ನಿರ್ಣಯಿಸಿತು.

ಇದಾಗಿ ವಾರ ಕಳೆಯುವುದರೊಳಗೆ, ವಿರುದ್ಧ ಮತ ಹಾಕಿದ ವರ್ಜೀನಿಯಾದ ಒಬ್ಬ ಸೆನೆಟರ್ ತನ್ನ ಪ್ರತಿಯನ್ನು ‘ಅರೋರಾ’ ಪತ್ರಿಕೆಯ ಸಂಪಾದಕ ಬೆಂಜಮಿನ್ ಫ್ರಾಂಕ್ಲಿನ್ ಬೇಚ್ ಕೈಗೆ ಮುಟ್ಟಿಸಿದ. ಬೆಂಜಮಿನ್ ಫ್ರಾಂಕ್ಲಿನ್ನನ ಮೊಮ್ಮಗನಾದ ಬೇಚ್ ಮೊದಲು ಸಾರಾಂಶ ಅಚ್ಚು ಹಾಕಿ, ಜುಲೈ 1ಕ್ಕೆ ಪೂರ್ತಿ ಪಠ್ಯದ ಕಿರುಹೊತ್ತಗೆ ತಂದ. ಪ್ರತಿಗಳ ಕಟ್ಟು ಹೇರಿಕೊಂಡು ನ್ಯೂಯಾರ್ಕ್, ಬಾಸ್ಟನ್ ಕಡೆ ತಾನೇ ಮಾರುತ್ತ ಹೊರಟ. ಸರ್ಕಾರ ಒಪ್ಪಂದವನ್ನು ತನ್ನ ಮಾತಿನಲ್ಲಿ ಜನರ ಮುಂದಿಡುವ ಅವಕಾಶವನ್ನು ನಾಲ್ಕು ತಿಂಗಳು ಕೈಲಿಟ್ಟುಕೊಂಡು, ಕಡೆಗೆ ಅದರ ಕಟ್ಟಾ ವಿರೋಧಿಯ ಕೈಗೆ ಒಪ್ಪಿಸಿದಂತಾಯಿತು. ‘ಮುಚ್ಚಿಟ್ಟಿದ್ದಾರೆ ಅಂದಮೇಲೆ ಮಾರಿಕೊಂಡಿದ್ದಾರೆ’ ಎಂಬ ತರ್ಕ ಓದುವ ಮೊದಲೇ ತಲೆಗೆ ಹತ್ತಿತ್ತು.

ಜುಲೈ 4ರ ಸ್ವಾತಂತ್ರ್ಯ ದಿನ ಫಿಲಡೆಲ್ಫಿಯಾದಲ್ಲಿ ಜೇ ಪ್ರತಿಕೃತಿಯ ಮೆರವಣಿಗೆ ಮಾಡಿ ಸುಟ್ಟರು. ನ್ಯೂಯಾರ್ಕಿನಲ್ಲಿ ಜುಲೈ 18ರಂದು ಒಪ್ಪಂದದ ಪರ ಮಾತಾಡಲು ನಿಂತ ಹ್ಯಾಮಿಲ್ಟನ್ ಮೇಲೆ ಕಲ್ಲು ಬಿತ್ತು. ಚಾರ್ಲ್ಸ್‌ಟನ್ನಿನಲ್ಲಿ ಜಾನ್ ರಟ್ಲೆಜ್ ಒಪ್ಪಂದವನ್ನು ಕಟುವಾಗಿ ಖಂಡಿಸಿ ಭಾಷಣ ಮಾಡಿದ. ಜೇ ತೆರವು ಮಾಡಿದ ಮುಖ್ಯ ನ್ಯಾಯಮೂರ್ತಿ ಸ್ಥಾನಕ್ಕೆ ವಾಷಿಂಗ್ಟನ್ ಆರಿಸಿದ್ದು ಅವನನ್ನೇ. ಡಿಸೆಂಬರಿನಲ್ಲಿ ಸೆನೆಟ್ 14–10ರಲ್ಲಿ ಅವನನ್ನು ತಿರಸ್ಕರಿಸಿತು. ನ್ಯಾಯಪೀಠದ ನೇಮಕಕ್ಕೂ ಒಪ್ಪಂದದ ನಿಲುವೇ ಅಳತೆಗೋಲಾಯಿತು.

ರಾಂಡಾಲ್ಫ್ ಮತ್ತು ಆ ಪತ್ರ

ಸೆನೆಟ್ ಒಪ್ಪಿದರೂ ವಾಷಿಂಗ್ಟನ್ ಸಹಿ ಹಾಕಿರಲಿಲ್ಲ. ಫ್ರಾನ್ಸಿಗೆ ಹೋಗುವ ಧಾನ್ಯದ ಹಡಗುಗಳನ್ನು ಬ್ರಿಟನ್ ಮತ್ತೆ ಹಿಡಿಯುತ್ತಿದೆ ಎಂಬ ಸುದ್ದಿ ಬಂದಿತ್ತು. ಆ ಆಜ್ಞೆ ಹಿಂತೆಗೆದುಕೊಳ್ಳುವವರೆಗೂ ಸಹಿ ಬೇಡ ಎಂದು ರಾಂಡಾಲ್ಫ್ ಸಲಹೆ ಕೊಟ್ಟಿದ್ದ, ಅಧ್ಯಕ್ಷ ಅದರತ್ತ ಒಲಿದೂ ಇದ್ದ. ನನ್ನ ಅಂದಾಜಿನಲ್ಲಿ ಇಡೀ ಪ್ರಕರಣದಲ್ಲಿ ನಡುದಾರಿ ಕಾಣುತ್ತಿದ್ದ ಕೊನೆಯ ಗಳಿಗೆ ಇದು.

ಆಗ ಬಂತು ಪತ್ರ. ಅಮೆರಿಕದಲ್ಲಿದ್ದ ಫ್ರೆಂಚ್ ರಾಯಭಾರಿ ಫೋಷೆ ತನ್ನ ಸರ್ಕಾರಕ್ಕೆ ಬರೆದ ವರದಿಯೊಂದು ಸಮುದ್ರದಲ್ಲಿ ಬ್ರಿಟಿಷ್ ನೌಕೆಯ ಕೈಗೆ ಸಿಕ್ಕಿತ್ತು. ಲಂಡನ್ ಅದನ್ನು ಹ್ಯಾಮಂಡ್‌ಗೆ ಕಳಿಸಿತು, ಹ್ಯಾಮಂಡ್ ಅದನ್ನು ಹ್ಯಾಮಿಲ್ಟನ್ ನಂತರ ಖಜಾನೆಗೆ ಬಂದಿದ್ದ ಆಲಿವರ್ ವೋಲ್ಕಟ್ ಕೈಗಿತ್ತ. ವೋಲ್ಕಟ್, ಯುದ್ಧ ಕಾರ್ಯದರ್ಶಿ ಟಿಮತಿ ಪಿಕರಿಂಗ್ ಇಬ್ಬರೂ ಒಪ್ಪಂದದ ಕಟ್ಟಾ ಪರ. ಫೋಷೆಯ ಫ್ರೆಂಚಿನಲ್ಲಿ ರಾಂಡಾಲ್ಫ್ ಹಣದ ಮಾತೆತ್ತಿದ್ದ ಎಂಬ ಧ್ವನಿ ಬರುವ ಭಾಗವಿತ್ತು. ಮೌಂಟ್ ವರ್ನನ್ನಿನ ತನ್ನ ಮನೆಯಲ್ಲಿದ್ದ ಅಧ್ಯಕ್ಷನಿಗೆ ತಕ್ಷಣ ಬನ್ನಿ ಎಂದು ಪಿಕರಿಂಗ್ ಬರೆದ. ಆಗಸ್ಟ್ 11ಕ್ಕೆ ವಾಷಿಂಗ್ಟನ್ ಬಂದ, ಪಿಕರಿಂಗ್ ಮಾಡಿದ ಅನುವಾದ ಓದಿದ, ಮರುದಿನವೇ ಸಹಿ ಹಾಕುತ್ತೇನೆಂದ. ಆದರೆ ರಾಂಡಾಲ್ಫ್‌ಗೆ ಪತ್ರದ ಸುಳಿವು ಕೊಡಲಿಲ್ಲ. ಒಂದು ವಾರ ಅವನೊಡನೆ ಎಂದಿನಂತೆಯೇ ಕಚೇರಿ ಕೆಲಸ ನಡೆಸಿದ.

ಆಗಸ್ಟ್ 19ರಂದು ರಾಂಡಾಲ್ಫ್ ಅಧ್ಯಕ್ಷನ ಕೋಣೆಗೆ ಬಂದಾಗ ವೋಲ್ಕಟ್, ಪಿಕರಿಂಗ್ ಮೊದಲೇ ಕೂತಿದ್ದರು. ವಾಷಿಂಗ್ಟನ್ ಆ ಪತ್ರ ಕೈಗಿತ್ತು, ಓದಿ ಏನು ವಿವರಣೆ ಕೊಡುತ್ತೀರೋ ಕೊಡಿ ಎಂದ. ಉದ್ದದ ಫ್ರೆಂಚ್ ಪತ್ರ. ರಾಂಡಾಲ್ಫ್ ಒಂದೊಂದೇ ಪ್ಯಾರಾ ಓದುತ್ತ ನೆನಪಾದಷ್ಟಕ್ಕೆ ಉತ್ತರ ಹೇಳುತ್ತ ಹೋದ. ಉಳಿದ ಮೂವರು ಅವನ ಮುಖವನ್ನೇ ನೋಡುತ್ತಿದ್ದರು. ಆಮೇಲೆ ಅವನನ್ನು ಹೊರಗೆ ಕಳಿಸಿ ತಮ್ಮತಮ್ಮಲ್ಲೇ ಮಾತಾಡಿಕೊಂಡರು. ತಿರುಗಿ ಒಳಬಂದ ರಾಂಡಾಲ್ಫ್, ಹೀಗೆ ನಡೆಸಿಕೊಂಡ ಮೇಲೆ ಒಂದು ಗಳಿಗೆಯೂ ಹುದ್ದೆಯಲ್ಲಿರಲಾರೆ ಎಂದು ಅಂದೇ ರಾಜೀನಾಮೆ ಬರೆದ. ಲಂಚ ಪಡೆದನೆಂಬುದಕ್ಕೆ ಪುರಾವೆ ಇಂದಿಗೂ ಸಿಕ್ಕಿಲ್ಲ. ಪಿಕರಿಂಗ್‌ನ ಅನುವಾದದಲ್ಲಿ ತಪ್ಪುಗಳಿದ್ದವೆಂದು ಆಮೇಲಿನ ವಿದ್ವಾಂಸರು ತೋರಿಸಿದ್ದಾರೆ.

ಪ್ರಕರಣ ಅಧ್ಯಯನವಾಗಿ ನೋಡಿದರೆ ಇಲ್ಲಿ ಕೇಳಬೇಕಾಗಿದ್ದ ಪ್ರಶ್ನೆ ಸರಳ: ಈ ಕಾಗದ ನನ್ನ ಕೈಗೆ ಬಂದದ್ದು ಯಾರಿಂದ, ಈ ಹೊತ್ತಿಗೇ ಯಾಕೆ? ಎದುರುಪಕ್ಷದ ದೇಶ ಕದ್ದು ಕೊಟ್ಟ ಕಾಗದ, ಒಂದು ಬಣ ಮಾಡಿದ ಅನುವಾದ, ಸಹಿ ಬೇಡವೆನ್ನುತ್ತಿದ್ದ ಒಬ್ಬನೇ ಮಂತ್ರಿಯ ಮೇಲೆ. ಅಷ್ಟು ವಿವೇಕಿಯಾದ ವಾಷಿಂಗ್ಟನ್ ಅದನ್ನು ಕೇಳಿದ ಸೂಚನೆ ಕಾಣುವುದಿಲ್ಲ. ರಾಂಡಾಲ್ಫ್ ಹೋದ ಮೇಲೆ ಆ ಸ್ಥಾನಕ್ಕೆ ಹಲವರು ಒಲ್ಲೆ ಎಂದು, ಕೊನೆಗೆ ಬಂದು ಕೂತವನು ಪಿಕರಿಂಗ್. ಸಂಪುಟದಲ್ಲಿ ಬೇರೆ ದನಿ ಎನ್ನುವುದು ಅಲ್ಲಿಗೆ ಮುಗಿಯಿತು.

ಪ್ರತಿನಿಧಿ ಸಭೆಯ ಪಟ್ಟು

ಒಪ್ಪಂದ 1796ರ ಫೆಬ್ರವರಿ 29ರಂದು ಜಾರಿಗೆ ಬಂತು. ಆಯೋಗಗಳಿಗೆ ಹಣ ಬೇಕು, ಹಣ ಮಂಜೂರು ಮಾಡುವುದು ಪ್ರತಿನಿಧಿ ಸಭೆ; ಅಲ್ಲಿ ಬಹುಮತ ಜೆಫರ್ಸನ್–ಮ್ಯಾಡಿಸನ್ ಬಣದ್ದು (ಆಗ ರಿಪಬ್ಲಿಕನ್ನರೆಂದು ಕರೆಸಿಕೊಂಡ ಇವರಿಗೂ ಇಂದಿನ ಆ ಹೆಸರಿನ ಪಕ್ಷಕ್ಕೂ ಸಂಬಂಧವಿಲ್ಲ). ಮಾತುಕತೆಯ ಕಾಗದಪತ್ರ ನಮಗೂ ತೋರಿಸಿ ಎಂಬ ನಿರ್ಣಯ ಮಾರ್ಚ್ 24ರಂದು 62–37ರಲ್ಲಿ ಗೆದ್ದಿತು.

ಮಾರ್ಚ್ 30ರಂದು ವಾಷಿಂಗ್ಟನ್ ಆಗುವುದಿಲ್ಲ ಎಂದ. ಒಪ್ಪಂದ ಮಾಡುವುದು ಅಧ್ಯಕ್ಷ ಮತ್ತು ಸೆನೆಟ್ಟಿನ ಕೆಲಸ. ಮಹಾಭಿಯೋಗಕ್ಕಾಗಿ ಕೇಳಿದ್ದರೆ ಮಾತು ಬೇರೆ. ಸಂವಿಧಾನ ರಚನಾ ಸಭೆಯ ನಡಾವಳಿಯನ್ನೇ ಉಲ್ಲೇಖಿಸಿ, ಒಪ್ಪಂದಕ್ಕೆ ಶಾಸನದ ಒಪ್ಪಿಗೆಯೂ ಬೇಕೆಂಬ ಸಲಹೆ ಅಲ್ಲಿ ಬಂದು ಬಿದ್ದುಹೋಗಿತ್ತು ಎಂದು ನೆನಪಿಸಿದ. ಆ ಸಭೆಯಲ್ಲಿ ದಿನವೂ ಕೂತು ಟಿಪ್ಪಣಿ ಬರೆದುಕೊಂಡ ಮ್ಯಾಡಿಸನ್‌ಗೆ ಇದು ನೇರ ಏಟು. ಸಂವಿಧಾನದ ಅರ್ಥವನ್ನು ಬರೆದವರ ಕೋಣೆಯಲ್ಲಲ್ಲ, ಅದನ್ನು ಅಂಗೀಕರಿಸಿದ ರಾಜ್ಯಗಳ ಸಭೆಗಳಲ್ಲಿ ಹುಡುಕಬೇಕು ಎಂದು ಅವನು ಉತ್ತರಿಸಿದ. ಇಬ್ಬರ ನಡುವಿನ ಹಳೆಯ ಸಲಹೆ–ಸಮಾಲೋಚನೆಯ ಸಂಬಂಧ ಅಲ್ಲಿಗೆ ಕಡಿಯಿತು.

ಈ ಹೊತ್ತಿಗೆ ಗಾಳಿ ತಿರುಗಿತ್ತು. ಹ್ಯಾಮಿಲ್ಟನ್ ‘ಕಮಿಲಸ್’ ಹೆಸರಿನಲ್ಲಿ, ಸೆನೆಟರ್ ರೂಫಸ್ ಕಿಂಗ್ ಜೊತೆಗೂಡಿ, 38 ಲೇಖನಗಳಲ್ಲಿ ಒಪ್ಪಂದವನ್ನು ವಿಧಿವಿಧಿಯಾಗಿ ಸಮರ್ಥಿಸಿದ್ದ. ಅದನ್ನೋದಿ ಜೆಫರ್ಸನ್, ಈ ಮನುಷ್ಯ ಒಬ್ಬನೇ ಒಂದು ಸೈನ್ಯಕ್ಕೆ ಸಮ ಎಂಬರ್ಥದಲ್ಲಿ ಮ್ಯಾಡಿಸನ್‌ಗೆ ಬರೆದ. ಸ್ಪೇನ್ ಜೊತೆ ಥಾಮಸ್ ಪಿಂಕ್ನಿ ಮಾಡಿಕೊಂಡ ಒಪ್ಪಂದ ಮಿಸಿಸಿಪ್ಪಿ ನದಿಯನ್ನು ತೆರೆಯಿತು. ಅದನ್ನು ಸೆನೆಟ್ ಒಮ್ಮತದಿಂದ ಒಪ್ಪಿತು. ಮೂಲನಿವಾಸಿ ಬುಡಕಟ್ಟುಗಳೊಡನೆ ಮಾಡಿಕೊಂಡ ಗ್ರೀನ್‌ವಿಲ್ ಒಪ್ಪಂದದಿಂದ ಒಹಾಯೊ ಕಡೆಯ ಗಡಿ ಶಾಂತವಾಗಿತ್ತು. ಕೋಟೆ ಬೇಕು, ನದಿ ಬೇಕು, ಶಾಂತಿ ಬೇಕು ಎಂದರೆ ಇದನ್ನೂ ನುಂಗಬೇಕು ಎಂದು ಹ್ಯಾಮಿಲ್ಟನ್ ಬಣದವರಾದ ಫೆಡರಲಿಸ್ಟರು ಎಲ್ಲವನ್ನೂ ಒಂದೇ ಗಂಟಿಗೆ ಕಟ್ಟಿದರು. ‘ಈ ಒಪ್ಪಂದ ಒಳ್ಳೆಯದೇ?’ ಎಂಬ ಪ್ರಶ್ನೆಯನ್ನು ಬದಿಗೆ ಸರಿಸಿ ‘ಇದಿಲ್ಲದಿದ್ದರೆ ಏನು?’ ಎಂಬುದನ್ನು ಮುಂದಿಟ್ಟದ್ದೇ ಅವರ ದೊಡ್ಡ ಜಾಣತನ. ಮೊದಲ ಪ್ರಶ್ನೆಯಲ್ಲಿ ಅವರು ಸೋಲುತ್ತಿದ್ದರು.

ಏಪ್ರಿಲ್ 28ರಂದು ಮ್ಯಾಸಚೂಸೆಟ್ಸಿನ ಫಿಶರ್ ಏಮ್ಸ್ ಎದ್ದು ನಿಂತ. ರೋಗದಿಂದ ಸೊರಗಿ ವೈದ್ಯರ ಎಚ್ಚರಿಕೆ ಮೀರಿ ಬಂದಿದ್ದವನು. ಕೋಟೆಗಳು ಕೈ ಬಿಟ್ಟರೆ ಗಡಿಯ ಮನೆಗಳಲ್ಲಿ ರಾತ್ರಿ ಹೇಗೆ ಕಳೆಯಬೇಕಾದೀತು ಎಂದು ಬಣ್ಣಿಸಿದ. ಉಪಾಧ್ಯಕ್ಷ ಜಾನ್ ಆ್ಯಡಮ್ಸ್ ಹೆಂಡತಿಗೆ ಬರೆದ ಕಾಗದದಲ್ಲಿ, ಈ ಮಾತಿಗೆ ಕಾರಣರಾದ ಕೆಲವು ಕತ್ತೆಗಳ ಹೊರತು ಎಲ್ಲರ ಕಣ್ಣೂ ಒದ್ದೆಯಾದವು ಎಂದಿದ್ದಾನೆ. ಮೂಲನಿವಾಸಿಗಳನ್ನು ಬರೀ ಗುಮ್ಮನಂತೆ ಬಳಸಿಕೊಂಡ ಭಾಷಣ ಅದು. ಇಂದು ಓದಿದರೆ ಕಣ್ಣೊದ್ದೆಯಾಗುವುದಕ್ಕಿಂತ ಹೆಚ್ಚಾಗಿ ಕಸಿವಿಸಿಯಾಗುತ್ತದೆ.

ಮರುದಿನ ಇಡೀ ಸದನ ಸಮಿತಿಯಾಗಿ ಕೂತು ಮತ ಹಾಕಿದಾಗ 49–49. ಅಧ್ಯಕ್ಷತೆ ವಹಿಸಿದ್ದ ಪೆನ್ಸಿಲ್ವೇನಿಯಾದ ಫ್ರೆಡರಿಕ್ ಮ್ಯೂಲೆನ್‌ಬರ್ಗ್ ರಿಪಬ್ಲಿಕನ್ನರ ಕಡೆಯವನೆಂದೇ ಎಲ್ಲರ ಲೆಕ್ಕ. ಅವನು ಒಪ್ಪಂದದ ಪರ ನಿರ್ಣಾಯಕ ಮತ ಹಾಕಿದ. ಏಪ್ರಿಲ್ 30ರ ಅಂತಿಮ ಮತ 51–48. ಕೆಲವೇ ದಿನಗಳಲ್ಲಿ ಅವನ ಭಾವಮೈದುನನೇ ಅವನಿಗೆ ಚೂರಿ ಹಾಕಿದ. ಜೀವ ಉಳಿಯಿತು, ಮುಂದಿನ ಚುನಾವಣೆಯಲ್ಲಿ ಸ್ಥಾನ ಉಳಿಯಲಿಲ್ಲ.

ಫಲ, ಮತ್ತು ಅದರಿಂದ ತಿಳಿಯುವುದು

ಒಪ್ಪಂದ ಕೆಲಸ ಮಾಡಿತು ಎನ್ನುವುದನ್ನು ಮೊದಲು ಒಪ್ಪಿಕೊಳ್ಳಬೇಕು. 1796ರ ಜುಲೈ 11ರಂದು ಡೆಟ್ರಾಯಿಟ್ ಅಮೆರಿಕದ ಕೈಸೇರಿತು. ಸೇಂಟ್ ಕ್ರೊಯಿ ಗಡಿ 1798ರಲ್ಲಿ ಇತ್ಯರ್ಥವಾಯಿತು. ಸಾಲದ ಆಯೋಗ ಮುರಿದುಬಿದ್ದರೂ 1802ರಲ್ಲಿ ಅಮೆರಿಕ 6,00,000 ಪೌಂಡ್ ಕೊಡಲು ಒಪ್ಪಿ ಆ ಲೆಕ್ಕ ಮುಗಿಸಿತು. ಹಡಗು ಕಳೆದುಕೊಂಡ ವರ್ತಕರಿಗೆ ಬ್ರಿಟನ್ನಿನಿಂದ ಪರಿಹಾರ ಬಂತು. ಬ್ರಿಟನ್ ಜೊತೆಗಿನ ಯುದ್ಧ 1812ರವರೆಗೆ ಮುಂದೆ ಹೋಯಿತು. ದೇಶಗಳ ನಡುವಿನ ಆಧುನಿಕ ಮಧ್ಯಸ್ಥಿಕೆಯ ಇತಿಹಾಸ ಬರೆಯುವವರು ಈ ಆಯೋಗಗಳಿಂದಲೇ ಶುರು ಮಾಡುವುದು ವಾಡಿಕೆ.

ತೆತ್ತ ಬೆಲೆಯೂ ಇದೆ. ಫ್ರಾನ್ಸ್ ಇದನ್ನು ದ್ರೋಹವೆಂದು ನೋಡಿ ಅಮೆರಿಕದ ಹಡಗು ಹಿಡಿಯತೊಡಗಿತು. 1798ರಿಂದ 1800ರವರೆಗೆ ಘೋಷಿಸದ ಸಮುದ್ರ ಯುದ್ಧ ನಡೆಯಿತು. ಆ ಭಯದಲ್ಲೇ ಸರ್ಕಾರವನ್ನು ಟೀಕಿಸುವುದನ್ನು ಅಪರಾಧ ಮಾಡಿದ ರಾಜದ್ರೋಹದ ಕಾಯ್ದೆ ಬಂತು. ಒಪ್ಪಂದ ಅಚ್ಚು ಹಾಕಿದ್ದ ಬೇಚ್ 1798ರಲ್ಲಿ ಬಂಧನಕ್ಕೊಳಗಾಗಿ, ವಿಚಾರಣೆಗೆ ಮೊದಲೇ ಹಳದಿ ಜ್ವರಕ್ಕೆ ಬಲಿಯಾದ. 1796ರಲ್ಲಿ ಮೊದಲ ಬಾರಿಗೆ ಅಧ್ಯಕ್ಷ ಸ್ಥಾನಕ್ಕೆ ಎರಡು ಪಕ್ಷಗಳ ನಡುವೆ ಪೈಪೋಟಿ ನಡೆಯಿತು. ಆ್ಯಡಮ್ಸ್ 71, ಜೆಫರ್ಸನ್ 68.

ಗುಟ್ಟು ತಪ್ಪೇ? ಇಲ್ಲಿ ನನಗೆ ನೇರ ಉತ್ತರ ಹೇಳುವುದು ಕಷ್ಟ. ಮಾರ್ಚಿನಲ್ಲೇ ಪ್ರಕಟಿಸಿದ್ದರೆ ಸೆನೆಟ್ಟಿನ ಆ ಇಪ್ಪತ್ತರಲ್ಲಿ ಒಬ್ಬ ಜಾರಿದ್ದರೂ ಒಪ್ಪಂದ ಸತ್ತಿರುತ್ತಿತ್ತು. ಹಾಗಾಗಿ ಗುಟ್ಟು ಒಪ್ಪಂದವನ್ನು ಉಳಿಸಿತು, ಒಪ್ಪಂದ ಮಾಡಿದವರ ಮೇಲಿನ ನಂಬಿಕೆಯನ್ನು ಕಳೆಯಿತು ಎಂದು ಎರಡನ್ನೂ ಒಟ್ಟಿಗೇ ಹೇಳಬೇಕಾಗುತ್ತದೆ. ವಿರೋಧಿಗಳ ಕಡೆಯ ಲೆಕ್ಕಾಚಾರವೂ ಹದ ತಪ್ಪಿತ್ತು. 12ನೇ ವಿಧಿಯನ್ನು ಸೆನೆಟ್ ಕಿತ್ತುಹಾಕಿದ್ದೇ ಅವರ ಅತಿ ಬಲವಾದ ವಾದವನ್ನು ಕಸಿದುಕೊಂಡಿತು. ಆದರೂ ಅವರು ಇಡೀ ಒಪ್ಪಂದವನ್ನು ಕೆಡವುವ ಹಟಕ್ಕೆ ಬಿದ್ದರು. ನಾವಿಕರ ವಿಷಯ ಒಂದನ್ನೇ ಹಿಡಿದು ಮರುಮಾತುಕತೆ ಕೇಳಿದ್ದರೆ ವಾಷಿಂಗ್ಟನ್ ಒಪ್ಪುತ್ತಿದ್ದನೇನೋ, ರಾಂಡಾಲ್ಫ್ ಇದ್ದಷ್ಟು ದಿನವಂತೂ.

ಬಿರುಕಿನ ಆಳ ಕಾಣುವುದು ಖಾಸಗಿ ಕಾಗದಗಳಲ್ಲಿ. ಏಮ್ಸ್ ಭಾಷಣಕ್ಕೆ ನಾಲ್ಕು ದಿನ ಮೊದಲು ಜೆಫರ್ಸನ್ ಇಟಲಿಯ ಗೆಳೆಯನೊಬ್ಬನಿಗೆ, ರಣರಂಗದ ಸಂಸೋನರೂ (ಬೈಬಲ್ಲಿನ ಮಹಾ ಬಲಶಾಲಿ) ಸಭೆಯ ಸೊಲೊಮೋನರೂ (ಬೈಬಲ್ಲಿನ ವಿವೇಕಿ ದೊರೆ) ಇಂಗ್ಲೆಂಡೆಂಬ ವೇಶ್ಯೆಗೆ ತಲೆ ಬೋಳಿಸಿಕೊಂಡರು ಎಂಬ ಅರ್ಥ ಬರುವಂತೆ ಬರೆದ. ಮರುವರ್ಷ ಅದು ಪತ್ರಿಕೆಗಳಲ್ಲಿ ಅಚ್ಚಾಯಿತು. ವಾಷಿಂಗ್ಟನ್ ಜೊತೆ ಅವನ ಒಡನಾಟ ಅಲ್ಲಿಗೆ ನಿಂತಿತು.

1806ರ ಕೊನೆಯಲ್ಲಿ ಜೇಮ್ಸ್ ಮನ್ರೊ ಮತ್ತು ವಿಲಿಯಂ ಪಿಂಕ್ನಿ ಲಂಡನ್ನಿನಲ್ಲಿ ಹೊಸ ಒಪ್ಪಂದಕ್ಕೆ ಸಹಿ ಹಾಕಿದರು. ಅದರಲ್ಲೂ ನಾವಿಕರನ್ನು ಎಳೆದೊಯ್ಯುವುದಕ್ಕೆ ತಡೆ ಇರಲಿಲ್ಲ. ಆಗ ಅಧ್ಯಕ್ಷನಾಗಿದ್ದವನು ಜೆಫರ್ಸನ್, ವಿದೇಶಾಂಗ ಕಾರ್ಯದರ್ಶಿ ಮ್ಯಾಡಿಸನ್. ಪ್ರತಿನಿಧಿ ಸಭೆಗೆ ಕಾಗದ ತೋರಿಸಿ ಎಂದು ಹತ್ತು ವರ್ಷದ ಹಿಂದೆ ಪಟ್ಟು ಹಿಡಿದ ಬಣ ಈಗ ಒಪ್ಪಂದವನ್ನು ಸೆನೆಟ್ಟಿಗೂ ಕಳಿಸಲಿಲ್ಲ. ಜೆಫರ್ಸನ್ ತಾನೇ ತಳ್ಳಿಹಾಕಿದ. 1807ರ ಡಿಸೆಂಬರಿನಲ್ಲಿ ಮ್ಯಾಡಿಸನ್ನನ ಹಳೆಯ ಆಯುಧ ಹೊರಬಂದು, ಅಮೆರಿಕದ ಹಡಗುಗಳು ವಿದೇಶಕ್ಕೆ ಹೋಗುವುದನ್ನೇ ನಿಷೇಧಿಸುವ ಕಾಯ್ದೆ ಕೆಲವೇ ದಿನಗಳ ಚರ್ಚೆಯಲ್ಲಿ ಪಾಸಾಯಿತು. ಮುಂದಿನ ಫೆಬ್ರವರಿಯಲ್ಲಿ ಮ್ಯಾಸಚೂಸೆಟ್ಸಿನ ಒಬ್ಬ ಫೆಡರಲಿಸ್ಟ್ ಸೆನೆಟರ್ ತನ್ನ ರಾಜ್ಯದ ಗವರ್ನರನಿಗೆ ಬಹಿರಂಗ ಪತ್ರ ಬರೆದು, ಕಾಂಗ್ರೆಸ್ಸಿಗೆ ಕಾಗದಪತ್ರ ಸರಿಯಾಗಿ ತೋರಿಸದೆ ಅಧ್ಯಕ್ಷರು ಈ ನಿಷೇಧ ಹೇರಿಸಿದ್ದಾರೆ ಎಂದು ದೂರಿದ. ಅದು ಕರಪತ್ರವಾಗಿ ಅಚ್ಚಾಗಿ ನ್ಯೂ ಇಂಗ್ಲೆಂಡಿನಲ್ಲಿ ಹರಡಿತು. ಬರೆದವನು ಟಿಮತಿ ಪಿಕರಿಂಗ್.